ಬ್ರೂಕ್ಲಿನ್ ಬೀದಿಯಲ್ಲಿ ಶಂಟಿಂಗ್: ಭಾನುವಾರ ಹೋಗಬೇಡಿ, ‘ಬಂದರು ನೋಟ’ದ ಕೋಣೆ ಹಿಡಿಯಬೇಡಿ

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಬ್ರೂಕ್ಲಿನ್‌ನ ಫಸ್ಟ್ ಅವೆನ್ಯೂ ತಲುಪಿ ಮಧ್ಯಾಹ್ನ ಎರಡರವರೆಗೆ ಕಾದು ನಾನು ನೋಡಿದ್ದು ಒಂದು ಬೆಕ್ಕನ್ನು. ಅದು ಹಳಿಯ ಮೇಲೆಯೇ ಕಾಲು ಚಾಚಿ ಮಲಗಿತ್ತು. ಅಂದು ಆ ಹಳಿಯಲ್ಲಿ ಗಾಡಿ ಬರುವುದಿಲ್ಲವೆಂದು ಅದಕ್ಕೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಮೊದಲ ಸಲಹೆ ಇದೇ: ವಾರದ ದಿನಗಳಲ್ಲಿ ಹೋಗಿ.

ಗೂಡ್ಸ್ ಗಾಡಿಯ ಶಂಟಿಂಗ್, ಅಂದರೆ ಎಂಜಿನ್ ಬೋಗಿಗಳನ್ನು ಬಿಡಿಸಿ, ಕೂಡಿಸಿ, ಹಳಿಯಿಂದ ಹಳಿಗೆ ಸರಿಸುವ ಕೆಲಸ, ನೋಡಲು ನ್ಯೂಯಾರ್ಕ್‌ವರೆಗೆ ಯಾರಾದರೂ ಹೋಗುತ್ತಾರೆಯೇ ಎಂದು ಕೇಳುವವರು ಮುಂದೆ ಓದುವ ತೊಂದರೆ ತೆಗೆದುಕೊಳ್ಳಬೇಕಾಗಿಲ್ಲ. ನಾನು ಅರಸೀಕೆರೆ ಜಂಕ್ಷನ್ನಿನ ಹಿಂದಿನ ಬೀದಿಯಲ್ಲಿ ಬೆಳೆದವನು. ನಡುರಾತ್ರಿ ಬೋಗಿಗೆ ಬೋಗಿ ತಾಗುವ ‘ಢಣ್’ ಶಬ್ದ ಕೇಳದಿದ್ದರೆ ನಮ್ಮ ಮನೆಯಲ್ಲಿ ಯಾರಿಗೂ ನಿದ್ದೆ ಹತ್ತುತ್ತಿರಲಿಲ್ಲ. ಸೋದರಳಿಯನ ಮದುವೆಗೆಂದು ನ್ಯೂಜೆರ್ಸಿಗೆ ಹೋದಾಗ ಒಂದು ವಾರ ಹೆಚ್ಚಿಗೆ ಉಳಿದುಕೊಂಡೆ. ಲಿಬರ್ಟಿ ಪ್ರತಿಮೆಯನ್ನು ದೂರದಿಂದ, ಅದೂ ಗೂಡ್ಸ್ ದೋಣಿಗಾಗಿ ಕಾಯುತ್ತಿದ್ದಾಗ ನೋಡಿದೆ. ಅದಕ್ಕಿಂತ ಹತ್ತಿರ ಹೋಗಲು ನಿಂತಿದ್ದ ಸರತಿ ಸಾಲು ಕಂಡೇ ಕೈಮುಗಿದೆ.

ಇಲ್ಲಿನ ವಿಶೇಷ ಏನೆಂದರೆ ಗೂಡ್ಸ್ ಬೋಗಿಗಳು ಸಮುದ್ರ ದಾಟಿ ಬರುತ್ತವೆ. ನ್ಯೂಯಾರ್ಕ್ ನಗರದ ಸುತ್ತಮುತ್ತ ಹಡ್ಸನ್ ನದಿಗೆ ಗೂಡ್ಸ್ ರೈಲು ಹೋಗುವ ಸೇತುವೆಯೇ ಇಲ್ಲ. ಪಶ್ಚಿಮದಿಂದ ಬಂದ ಗಾಡಿ ಉತ್ತರಕ್ಕೆ ಸುಮಾರು 225 ಕಿ.ಮೀ. ದೂರದ ಸೆಲ್ಕಿರ್ಕ್‌ವರೆಗೆ ಹೋಗಿ, ಅಲ್ಲಿ ನದಿ ದಾಟಿ, ಮತ್ತೆ ಅಷ್ಟೇ ದೂರ ಕೆಳಗೆ ಬರಬೇಕು. ಅದು ಬೇಡವಾದರೆ ಜೆರ್ಸಿ ಸಿಟಿಯ ಗ್ರೀನ್‌ವಿಲ್ ಯಾರ್ಡ್‌ನಲ್ಲಿ ಬೋಗಿಗಳನ್ನು ಹಳಿ ಹಾಕಿದ ಚಪ್ಪಟೆ ದೋಣಿಯ ಮೇಲೆ ಹತ್ತಿಸಿ, ಟಗ್ ಹಡಗಿನಿಂದ ತಳ್ಳಿಸಿಕೊಂಡು ಬ್ರೂಕ್ಲಿನ್‌ನ 65ನೇ ಬೀದಿಯ ಯಾರ್ಡ್‌ಗೆ ತರಬೇಕು. ಈ ಕೆಲಸ ಮಾಡುವ ಪುಟ್ಟ ಕಂಪನಿಯ ಹೆಸರು ನ್ಯೂಯಾರ್ಕ್ ನ್ಯೂಜೆರ್ಸಿ ರೈಲ್. 2008ರಿಂದ ಅದು ಅಲ್ಲಿನ ಬಂದರು ಪ್ರಾಧಿಕಾರವಾದ ಪೋರ್ಟ್ ಅಥಾರಿಟಿಯ ಕೈಯಲ್ಲಿದೆ. ಒಂದು ಕಾಲಕ್ಕೆ ಈ ಬಂದರಿನಲ್ಲಿ ಇಂತಹ ಮುನ್ನೂರಕ್ಕೂ ಹೆಚ್ಚು ದೋಣಿಗಳು ಓಡಾಡುತ್ತಿದ್ದವು, ಈಗ ಉಳಿದಿರುವುದು ಈ ಒಂದು ದಾರಿ ಮಾತ್ರ. 1921ರಲ್ಲಿ ಪೋರ್ಟ್ ಅಥಾರಿಟಿ ಹುಟ್ಟಿದಾಗಲೇ ಬಂದರಿನ ಅಡಿಯಲ್ಲಿ ಗೂಡ್ಸ್ ಸುರಂಗ ಕೊರೆಯುವ ಮಾತಿತ್ತಂತೆ. ನಮ್ಮ ಸಿಗಂದೂರು ಲಾಂಚಿನ ಪಕ್ಕದಲ್ಲಿ 2025ರಲ್ಲಿ ಸೇತುವೆಯೇ ಬಂದುಬಿಟ್ಟಿತು. ನ್ಯೂಯಾರ್ಕ್‌ನವರು ಇನ್ನೂ ಲಾಂಚಿನಲ್ಲಿಯೇ ಇದ್ದಾರೆ.

ಈಗ ಕೋಣೆಯ ಕಥೆ. ಯಾರ್ಡ್‌ಗೆ ಹತ್ತಿರವಿರಲಿ ಎಂದು ಥರ್ಡ್ ಅವೆನ್ಯೂ ಬದಿಯಲ್ಲಿ ಒಂದು ಹೋಟೆಲ್ ಹಿಡಿದೆ. ಹೆಸರು ಹೇಳುವುದಿಲ್ಲ, ಹೇಳಿದರೂ ಪ್ರಯೋಜನವಿಲ್ಲ, ಆ ಸಾಲಿನಲ್ಲಿರುವವೆಲ್ಲ ಒಂದೇ ತಾಯಿಯ ಮಕ್ಕಳಂತೆ ಕಾಣುತ್ತವೆ. ರಾತ್ರಿಗೆ 190 ಡಾಲರ್, ‘ಬಂದರಿನ ನೋಟವಿರುವ ಕೋಣೆ’. ಪರದೆ ಸರಿಸಿದಾಗ ಕಂಡದ್ದು ಗೊವಾನಸ್ ಎಕ್ಸ್‌ಪ್ರೆಸ್‌ವೇಯ ಹೊಟ್ಟೆ. ಥರ್ಡ್ ಅವೆನ್ಯೂ ಉದ್ದಕ್ಕೂ ಈ ಮೇಲುರಸ್ತೆ ಚಪ್ಪರದಂತೆ ಹರಡಿಕೊಂಡಿದೆಯೆಂದು ನಕ್ಷೆ ನೋಡಿದ್ದರೆ ನನಗೇ ತಿಳಿಯುತ್ತಿತ್ತು. ಬಂದರು ಎಲ್ಲಿ ಎಂದು ಕೇಳಿದ್ದಕ್ಕೆ ಕೌಂಟರಿನ ಹುಡುಗ ಆ ದಿಕ್ಕಿಗೆ ಕೈ ತೋರಿಸಿದ. ದಿಕ್ಕು ಸರಿಯಾಗಿಯೇ ಇತ್ತು. ನಡುವೆ ಆರು ಪಥದ ರಸ್ತೆ, ಎರಡು ಗೋದಾಮು, ಒಂದು ಟೈರ್ ಅಂಗಡಿ. ಬಿಲ್ಲಿನಲ್ಲಿ ಸುಮಾರು ಶೇ 15ರಷ್ಟು ತೆರಿಗೆ ಬೇರೆ ಸೇರಿತು. ನ್ಯೂಯಾರ್ಕ್‌ನಲ್ಲಿ ಎಲ್ಲ ಹೋಟೆಲಿಗೂ ಇದು ಇರುವುದೇ, ಆದರೆ ತೋರಿಸಿದ ಬೆಲೆಯಲ್ಲಿ ಅದು ಇರಲಿಲ್ಲ. ಮುಂಗಡವೆಂದು ಹಿಡಿದಿಟ್ಟ 150 ಡಾಲರ್ ನನ್ನ ಕಾರ್ಡ್‌ಗೆ ಮರಳಿದ್ದು ನಾನು ಬೆಂಗಳೂರಿಗೆ ಬಂದು ಹನ್ನೊಂದು ದಿನವಾದ ಮೇಲೆ. ಗಾಡಿಗಳ ಗದ್ದಲ ನನಗೆ ತೊಂದರೆಯಲ್ಲ, ಆದರೆ ಲಾರಿಗಳದ್ದು ಬೇರೆ ಜಾತಿಯ ಗದ್ದಲ, ಅದಕ್ಕೆ ತಾಳವಿಲ್ಲ. ನೀವು ಹೋಗುವುದಾದರೆ ಬೇ ರಿಡ್ಜ್ ಕಡೆಯ ಯಾವುದಾದರೂ ಮನೆಯಲ್ಲಿ ಕೋಣೆ ಹುಡುಕಿ, ಇಲ್ಲವೇ ನ್ಯೂಜೆರ್ಸಿಯ ನೆಂಟರ ಸೋಫಾವೇ ಸಾಕು.

ಮಂಗಳವಾರ ನನ್ನ ದಿನವಾಗಿತ್ತು. ನಗರದ ಮೆಟ್ರೋ ರೈಲಾದ ಸಬ್‌ವೇಯಲ್ಲಿ ಎನ್ ಅಥವಾ ಆರ್ ಗಾಡಿ ಹಿಡಿದು 59ನೇ ಬೀದಿಯಲ್ಲಿ ಇಳಿದು ನೀರಿನ ಕಡೆಗೆ ನಡೆದರೆ ಸೇನೆಯ ಹಳೆಯ ಸರಕು ಗೋದಾಮು ಬ್ರೂಕ್ಲಿನ್ ಆರ್ಮಿ ಟರ್ಮಿನಲ್ ಸಿಗುತ್ತದೆ. ಅಲ್ಲಿಂದ ಉತ್ತರಕ್ಕೆ ಫಸ್ಟ್ ಅವೆನ್ಯೂ ಹಿಡಿಯಿರಿ. ಹಳೆಯ ಬುಷ್ ಟರ್ಮಿನಲ್‌ನ ಕಟ್ಟಡಗಳ ಸಾಲಿನಲ್ಲಿ ಡಾಂಬರಿನೊಳಗೆ ಎಷ್ಟೋ ಹಳಿಗಳು ಹೂತುಹೋಗಿವೆ, ಕೆಲವು ನೇರವಾಗಿ ಗೋಡೆಗೇ ಹೋಗಿ ನಿಲ್ಲುತ್ತವೆ. ಯಾವುದರ ಪಕ್ಕ ಕಾಯಬೇಕು? ಹಳಿಯ ತಲೆ ನೋಡಿ. ಬೆಳ್ಳಿಯಂತೆ ಹೊಳೆಯುತ್ತಿದ್ದರೆ ಗಾಡಿ ಓಡುತ್ತದೆ, ತುಕ್ಕು ಹಿಡಿದಿದ್ದರೆ ಅಲ್ಲಿ ಕಾಯುವುದು ಶಬರಿಯ ಕೆಲಸ. ಭಾನುವಾರ ನಾನು ಕಾದದ್ದು ಇದರಲ್ಲಿ ಎರಡನೆಯ ಜಾತಿಯ ಹಳಿಯ ಪಕ್ಕ ಎಂಬುದು ಮಂಗಳವಾರ ತಿಳಿಯಿತು. ವೇಳಾಪಟ್ಟಿಯೆಂಬುದು ಇಲ್ಲ. ದೋಣಿ ಬಂದ ಮೇಲೆ, ಗಿರಾಕಿಗೆ ಬೋಗಿ ಬೇಕಾದಾಗ, ಎಂಜಿನ್ ಹೊರಡುತ್ತದೆ.

ಹತ್ತೂಕಾಲಿಗೆ ಗಂಟೆಯ ಸದ್ದು ಕೇಳಿತು. ಬೀದಿಯ ನಡುವೆ, ಲಾರಿಗಳ ಮಧ್ಯೆ, ಒಂದು ಎಂಜಿನ್ ಮೂರು ಬೋಗಿಗಳನ್ನು ತಳ್ಳಿಕೊಂಡು ಮನುಷ್ಯನ ನಡಿಗೆಯ ವೇಗದಲ್ಲಿ ಬಂತು. ನಡಿಗೆಯ ವೇಗವೆನ್ನುವುದು ಅಲಂಕಾರಕ್ಕಲ್ಲ: ಮುಂದೆ ಕಿತ್ತಳೆ ಅಂಗಿಯವನೊಬ್ಬ ನಿಜವಾಗಿಯೂ ನಡೆಯುತ್ತಿದ್ದ, ಕೈಯಲ್ಲಿ ವಾಕಿಟಾಕಿ. ಐವತ್ತು ಮೀಟರ್ ಬಂದು ನಿಂತಿತು. ಹಳಿಗೆ ಒಂದು ಗೇಣು ಅಡ್ಡವಾಗಿ ಬಿಳಿ ವ್ಯಾನ್ ನಿಂತಿತ್ತು. ಹಾರ್ನ್ ಹೊಡೆದರು. ಮತ್ತೆ ಹೊಡೆದರು. ಕಿತ್ತಳೆ ಅಂಗಿಯವನು ಅಂಗಡಿ ಅಂಗಡಿಗೆ ಹೋಗಿ ವಿಚಾರಿಸಿದ. ಸಾವಿರಾರು ಕಿಲೋಮೀಟರ್ ದಾಟಿ, ಸಮುದ್ರವನ್ನೂ ದಾಟಿ ಬಂದ ಸರಕು ಕೊನೆಯ ಇನ್ನೂರು ಗಜದಲ್ಲಿ ಮೂವತ್ತೈದು ನಿಮಿಷ ಕಾಯಿತು. ಕೊನೆಗೆ ವ್ಯಾನಿನವನು ಕಾಫಿ ಹಿಡಿದುಕೊಂಡು ಬಂದ, ಕ್ಷಮೆ ಕೇಳಲಿಲ್ಲ, ಯಾರೂ ಬೈಯಲೂ ಇಲ್ಲ. ದಿನವೂ ನಡೆಯುವ ವ್ಯವಹಾರವೆಂದು ಅವರ ಮುಖ ನೋಡಿದರೇ ತಿಳಿಯುತ್ತಿತ್ತು.

ಆಮೇಲೆ ನಡೆದದ್ದು ಒಂದು ಗಂಟೆಯ ಚದುರಂಗ. ಮಧ್ಯದ ಬೋಗಿಯೊಂದನ್ನೇ ಗೋದಾಮಿನ ಪಕ್ಕದ ಹಳಿಗೆ ಬಿಡಬೇಕು, ಆದರೆ ಆ ಕವಲು ಎಂಜಿನ್ನಿಗೆ ಉಲ್ಟಾ ದಿಕ್ಕಿನಲ್ಲಿದೆ. ಹಾಗಾಗಿ ಒಂದನ್ನು ಬಿಟ್ಟು, ಇನ್ನೊಂದನ್ನು ಎಳೆದು, ಎಂಜಿನ್ ಪಕ್ಕದ ಹಳಿಯಿಂದ ಸುತ್ತಿ ಬಾಲದ ಕಡೆಗೆ ಬಂದು, ತಳ್ಳಿ, ಬಿಚ್ಚಿ, ಮರಳಿ ಮೊದಲಿನದನ್ನು ಕೂಡಿಸಿಕೊಂಡಿತು. ನನ್ನ ಬಾಲ್ಯದಲ್ಲಿ ಪಾಯಿಂಟ್ಸ್‌ಮನ್ ಎರಡು ಬೋಗಿಗಳ ಬಫರುಗಳ ನಡುವೆ ನುಗ್ಗಿ ನಿಂತು ಸಂಕೋಲೆ ಎತ್ತಿ ಹಾಕುತ್ತಿದ್ದ, ನೋಡುವವರ ಎದೆ ಹೊಡೆದುಕೊಳ್ಳುತ್ತಿತ್ತು. ಇಲ್ಲಿ ಬದಿಯಲ್ಲಿ ನಿಂತು ಒಂದು ಸನ್ನೆಕೋಲು ಎತ್ತಿದರೆ ಕೊಂಡಿ ಬಿಡುತ್ತದೆ, ಗಾಳಿಯ ಕೊಳವೆ ಬುಸ್ಸೆನ್ನುತ್ತದೆ. ಆದರೆ ಕೂಡುವಾಗಿನ ‘ಢಣ್’ ಮಾತ್ರ ಅದೇ. ಒಂದು ಬೋಗಿಯಲ್ಲಿ ಮೂರು ನಾಲ್ಕು ಲಾರಿಯಷ್ಟು ಸರಕು ಇರುತ್ತದೆ, ಆ ತೂಕ ಶಬ್ದದಲ್ಲಿಯೇ ಕೇಳಿಸುತ್ತದೆ. ಕಾಲುದಾರಿ ಬಿಟ್ಟು ಇಳಿಯಬೇಡಿ, ಬೇಲಿಯ ಒಳಗೆ ಹೋಗಲೇಬೇಡಿ. ಬೀದಿಯಲ್ಲಿ ನಿಂತು ಫೋಟೋ ತೆಗೆದದ್ದಕ್ಕೆ ನನ್ನನ್ನು ಯಾರೂ ತಡೆಯಲಿಲ್ಲ.

ಆರ್ಮಿ ಟರ್ಮಿನಲ್‌ನ ಬಿ ಕಟ್ಟಡದ ಒಳಾಂಗಣವನ್ನು ತಪ್ಪಿಸಬೇಡಿ. 1919ರಲ್ಲಿ ಮುಗಿದ ಈ ಕಟ್ಟಡದ ವಾಸ್ತುಶಿಲ್ಪಿ ಕ್ಯಾಸ್ ಗಿಲ್ಬರ್ಟ್. ಗಾಡಿ ಕಟ್ಟಡದೊಳಗೇ ಬರುತ್ತಿತ್ತು, ಮೇಲಿನ ಕ್ರೇನ್ ಸರಕನ್ನು ಎತ್ತಿ ಆಯಾ ಮಹಡಿಯ ಬಾಲ್ಕನಿಗೆ ಇಳಿಸುತ್ತಿತ್ತು. ಒಂದರ ನೆತ್ತಿಗೊಂದು ಬಾರದಂತೆ ಬಾಲ್ಕನಿಗಳನ್ನು ಅಡ್ಡಡ್ಡ ಸರಿಸಿ ಕಟ್ಟಿದ್ದಾರೆ. ಈಗ ಅಲ್ಲಿ ಎರಡು ಹಳೆಯ ಬೋಗಿಗಳು ನಿಂತಿವೆ. ಹತ್ತು ನಿಮಿಷ ಸಾಕು, ಆದರೆ ಆ ಹತ್ತು ನಿಮಿಷ ಬೇಕು.

ಬುಧವಾರ ಕ್ವೀನ್ಸ್‌ನ ಫ್ರೆಶ್ ಪಾಂಡ್ ಯಾರ್ಡ್‌ಗೆ ಹೋದೆ. ಅದು 1997ರಿಂದ ಲಾಂಗ್ ಐಲೆಂಡ್ ಹಳಿಗಳ ಗೂಡ್ಸ್ ನಡೆಸುತ್ತಿರುವ ನ್ಯೂಯಾರ್ಕ್ ಅಂಡ್ ಅಟ್ಲಾಂಟಿಕ್ ರೈಲ್ವೆಯ ನೆಲೆ. ಎಚ್ಚರಿಕೆ: ಸಬ್‌ವೇಯ ಎಂ ಗಾಡಿಗಳು ತಂಗುವ ಯಾರ್ಡ್‌ಗೂ ಫ್ರೆಶ್ ಪಾಂಡ್ ಎಂದೇ ಹೆಸರು. ನಾನು ತಪ್ಪಾದದ್ದರ ಮುಂದೆ ಮುಕ್ಕಾಲು ಗಂಟೆ ನಿಂತಿದ್ದೆ. ಸರಿಯಾದದ್ದರಲ್ಲಿ ಕೆಲಸ ಹೆಚ್ಚು, ನಿಲ್ಲಲು ಜಾಗ ಕಡಿಮೆ. ನಗರದ ಕಸವೂ ಈ ದಾರಿಯಲ್ಲಿಯೇ ಹೊರಗೆ ಹೋಗುತ್ತದೆ. ಅಕ್ಟೋಬರಿನಲ್ಲಿಯೇ ಮೂಗಿಗೆ ಗೊತ್ತಾಗುವಷ್ಟಿತ್ತು, ಬೇಸಿಗೆಯಲ್ಲಿ ಹೋಗುವವರು ಯೋಚಿಸಿ. ವಾಪಸು ಬರುವಾಗ ಹತ್ತಿದ ಸಿಟಿ ಬಸ್ಸಿನ ಬಗ್ಗೆ ಬರೆದರೆ ಈ ಲೇಖನ ಮುಗಿಯುವುದಿಲ್ಲ. ಪಕ್ಕದಲ್ಲಿ ನಡೆಯುತ್ತಿದ್ದ ಅಜ್ಜಿ ಎರಡು ನಿಲ್ದಾಣ ಕಳೆದರೂ ನಮ್ಮ ಪಕ್ಕದಲ್ಲಿಯೇ ಇದ್ದರು ಎಂದಷ್ಟೇ ಹೇಳುತ್ತೇನೆ.

ದೋಣಿ ನೋಡಬೇಕಾದರೆ ಜಾಗ 69ನೇ ಬೀದಿಯ ಕೊನೆಯಲ್ಲಿರುವ ಕಟ್ಟೆ, ಅಮೆರಿಕನ್ ವೆಟರನ್ಸ್ ಮೆಮೋರಿಯಲ್ ಪಿಯರ್. ಆರ್ ಗಾಡಿಯಲ್ಲಿ ಬೇ ರಿಡ್ಜ್ ಅವೆನ್ಯೂ ನಿಲ್ದಾಣದಲ್ಲಿ ಇಳಿದು ಇಳಿಜಾರಿನಲ್ಲಿ ಕಾಲು ಗಂಟೆ ನಡೆದರೆ ಸಿಗುತ್ತದೆ. ಪ್ರವೇಶ ಶುಲ್ಕವಿಲ್ಲ, ಗಾಳಿಗೆ ತಡೆಯೂ ಇಲ್ಲ. ಮಂಕಿ ಟೋಪಿ ಒಯ್ಯಿರಿ, ನಾಚಿಕೆ ಬೇಡ, ಅಲ್ಲಿ ಮೀನು ಹಿಡಿಯುವ ಚೀನಿ ಮುದುಕರೆಲ್ಲ ಹಾಕಿಕೊಂಡಿರುತ್ತಾರೆ. ಗುರುವಾರ ನಾಲ್ಕು ಗಂಟೆ ಕಾದ ಮೇಲೆ ಟಗ್ ಕಂಡಿತು. ಅದರ ಪಕ್ಕಕ್ಕೆ ಕಟ್ಟಿದ ದೋಣಿಯ ಮೇಲೆ ಹನ್ನೊಂದು ಬೋಗಿಗಳು, ತುದಿಯದೊಂದು ನೀಲಿ, ಅದರ ಮೈಮೇಲೆ ಯಾರೋ ದೊಡ್ಡ ಹಳದಿ ಮೀನಿನ ಚಿತ್ರ ಬಳಿದಿದ್ದರು. ಕಟ್ಟೆಯ ಹಿಂದಿರುವ ಓಲ್ಸ್ ಹೆಡ್ ಪಾರ್ಕಿನ ದಿಬ್ಬ ಹತ್ತಿ ಯಾರ್ಡ್ ಕಡೆ ದುರ್ಬೀನು ತಿರುಗಿಸಿದೆ. ಭಾರವಾದ ಎಂಜಿನ್ ದೋಣಿಯ ಹತ್ತಿರ ಹೋಗುವುದೇ ಇಲ್ಲ. ನಡುವೆ ಖಾಲಿ ಚಪ್ಪಟೆ ಬೋಗಿಗಳನ್ನು ಕೈಯಂತೆ ಚಾಚಿ ಒಂದೊಂದೇ ಸಾಲನ್ನು ಎಳೆಯುತ್ತದೆ. ಎಡಗಡೆಯ ಸಾಲನ್ನೇ ಪೂರ್ತಿ ಇಳಿಸಿದರೆ ದೋಣಿ ಬಲಕ್ಕೆ ವಾಲುತ್ತದೆ, ಆದ್ದರಿಂದ ಎರಡೂ ಬದಿಯ ಭಾರ ನೋಡಿಕೊಂಡೇ ಕೆಲಸ. ಸಿಗಂದೂರು ಲಾಂಚಿನಲ್ಲಿ ಬಸ್ಸನ್ನು ನಡುವೆ ನಿಲ್ಲಿಸಿ, ಜೀಪುಗಳನ್ನು ಆಚೆ ಈಚೆ ಸರಿಸಿ, ‘ಇನ್ನೂ ಒಂದು ಮೊಳ ಹಿಂದೆ’ ಎಂದು ಕೂಗುತ್ತಿದ್ದವರ ಧ್ವನಿ ಕಿವಿಯಲ್ಲಿ ಬಂತು.

ಊಟಕ್ಕೆ ಎಯ್ತ್ ಅವೆನ್ಯೂ. ಬುಷ್ ಟರ್ಮಿನಲ್ ಕಡೆ ಹೊಸದಾಗಿ ಬಂದಿರುವ ಗಾಜಿನ ಅಂಗಡಿಗಳಲ್ಲಿ ಒಂದು ಸ್ಯಾಂಡ್‌ವಿಚ್ ಬೆಲೆಗೆ ಇಲ್ಲಿ ಎರಡು ದಿನ ಉಣ್ಣಬಹುದು. ಇದು ಚೀನಿಯರ ಕೇರಿ, ಎನ್ ಗಾಡಿಯಲ್ಲಿ 59ನೇ ಬೀದಿಯಿಂದ ಒಂದೇ ನಿಲ್ದಾಣ. ಅಲ್ಲಿ ಒಂದು ತೋಫು ಅಂಗಡಿಯಿದೆ, ಫಲಕದಲ್ಲಿ ಚೀನಿ ಅಕ್ಷರ ಬಿಟ್ಟು ಬೇರೇನಿಲ್ಲ, ಒಳಗೆ ಹಬೆ ತುಂಬಿರುತ್ತದೆ, ಅದೇ ಗುರುತು. ಬಿಸಿ ತೋಫುವನ್ನು ಚಪ್ಪಟೆ ಸೌಟಿನಿಂದ ಪದರ ಪದರವಾಗಿ ಬಟ್ಟಲಿಗೆ ಜಾರಿಸಿ, ಮೇಲೆ ಶುಂಠಿಯ ಪಾಕ ಹಾಕಿ ಕೊಡುತ್ತಾರೆ. ನಮ್ಮ ಹಾಲುಬಾಯಿಯನ್ನು ಇನ್ನೂ ಸ್ವಲ್ಪ ಅಂಜುಬುರುಕನನ್ನಾಗಿ ಮಾಡಿದರೆ ಹೇಗಿರುತ್ತದೆಯೋ ಹಾಗೆ, ನಾಲಿಗೆಗೆ ತಾಗುವ ಮೊದಲೇ ಕರಗುತ್ತದೆ. ಶುಂಠಿ ಮಾತ್ರ ಗಂಟಲಲ್ಲಿ ಹತ್ತು ನಿಮಿಷ ಕಾವು ಹಿಡಿದು ಕೂರುತ್ತದೆ. ಪಿಯರಿನ ಗಾಳಿ ತಿಂದು ಬಂದವರಿಗೆ ಇದು ಕಷಾಯವೂ ಹೌದು, ಸಿಹಿಯೂ ಹೌದು. ಮೂರು ಡಾಲರಿಗಿಂತ ಕಡಿಮೆ. ಮೊದಲ ದಿನ ಒಂದು ಬಟ್ಟಲು, ಮರುದಿನ ಎರಡು, ಮೂರನೆಯ ದಿನ ನಾನು ಬಾಗಿಲು ತಳ್ಳುತ್ತಿದ್ದಂತೆ ಅಂಗಡಿಯ ಹೆಂಗಸು ಎರಡು ಬೆರಳು ಎತ್ತಿ ಹುಬ್ಬು ಹಾರಿಸಿದರು. ಕೂರಲು ಜಾಗವಿಲ್ಲ, ನಿಂತೇ ತಿನ್ನಬೇಕು, ಸಕ್ಕರೆಯ ಪಾಕ ಅಂಗಿಯ ಮೇಲೆ ಬೀಳುತ್ತದೆ. ಫಿಫ್ತ್ ಅವೆನ್ಯೂ ಬದಿಯಲ್ಲಿ ಮೆಕ್ಸಿಕೋದವರು ಮಾರುವ ತಮಾಲೆಯೂ ಚೆನ್ನಾಗಿರುತ್ತದೆಯಂತೆ. ಮೆಕ್ಕೆಜೋಳದ ಸಿಪ್ಪೆಯಲ್ಲಿ ಹಬೆಯಾಡಿಸಿದ ಅದನ್ನು ಕಂಡು ಕೊಟ್ಟೆ ಕಡುಬು ನೆನಪಾಗಿ ಕೈ ಚಾಚಿದ್ದೆ. ಹಿಟ್ಟಿಗೆ ಹಂದಿಯ ಕೊಬ್ಬು ಕಲಸಿರುತ್ತಾರೆಂದು ಪಕ್ಕದವರು ಹೇಳಿದರು, ಸಸ್ಯಾಹಾರಿಗಳು ಕೇಳಿಕೊಂಡೇ ಕೊಳ್ಳಿ.

ಎಯ್ತ್ ಅವೆನ್ಯೂ ನಿಲ್ದಾಣದ ಇನ್ನೊಂದು ಲಾಭವೆಂದರೆ ಎನ್ ಗಾಡಿ ಅಲ್ಲಿ ಆಳವಾದ ಕಂದಕದಲ್ಲಿ ಓಡುತ್ತದೆ, ಅದೇ ಕಂದಕದಲ್ಲಿ ಪಕ್ಕಕ್ಕೇ ಬೇ ರಿಡ್ಜ್ ಶಾಖೆಯ ಗೂಡ್ಸ್ ಹಳಿಯೂ ಇದೆ. ದೋಣಿಯಿಂದ ಇಳಿದ ಬೋಗಿಗಳು ಫ್ರೆಶ್ ಪಾಂಡ್‌ಗೆ ಹೋಗುವುದು ಅದರ ಮೇಲೆಯೇ. ಕಂದಕದ ಮೇಲಿನ ಸೇತುವೆಯ ಕಟಕಟೆ ಎತ್ತರವಾಗಿದೆ, ಕುಳ್ಳಗಿರುವವರಿಗೆ ಜಾಲರಿಯ ಸಂದಿಯೇ ಗತಿ. ಶುಕ್ರವಾರ ಎರಡನೆಯ ಬಟ್ಟಲನ್ನು ಕೈಯಲ್ಲಿ ಹಿಡಿದು ಅಲ್ಲಿಗೆ ನಡೆದು ಬಂದೆ. ಕ್ಯಾಮೆರಾ ಚೀಲದಲ್ಲಿತ್ತು, ಚೀಲ ಬೆನ್ನ ಮೇಲಿತ್ತು. ಕೆಳಗೆ ಹಾರ್ನ್ ಕೇಳಿತು. ಎಂಜಿನ್ ದಾಟಿತು, ಅದರ ಹಿಂದೆ ಕಂದು ಬೋಗಿಗಳು ನಾಲ್ಕು, ಎಣ್ಣೆಯ ಟ್ಯಾಂಕರ್ ಒಂದು, ಕಡೆಯಲ್ಲಿ ನೀಲಿ ಬೋಗಿ, ಮೈಮೇಲೆ ಹಳದಿ ಮೀನು. ಬಟ್ಟಲನ್ನು ಎಲ್ಲಿಡುವುದೆಂದು ನಾನು ಅತ್ತಿತ್ತ ನೋಡುವಷ್ಟರಲ್ಲಿ ಅದು ಮುಂದಿನ ಸೇತುವೆಯ ನೆರಳಿಗೆ ಹೋಗಿತ್ತು.