ಚಕ್ರದ ಮೇಲೆ ಬಂದ ಮನೆಗೆ ಓಕ್ ನೆಲ

ಹೊಸದಾಗಿ ಕೊಂಡ ಮನೆಯ ಹಾಲಿಗೆ ಓಕ್ ಮರದ ಹಲಗೆ ಹಾಸುತ್ತೇವೆ ಅಂತ ಅಪ್ಪನಿಗೆ ವಿಡಿಯೋ ಕಾಲ್‌ನಲ್ಲಿ ಹೇಳಿದಾಗ ಅವರು ಕೇಳಿದ ಮೊದಲ ಪ್ರಶ್ನೆ, "ಲಾರಿಯಲ್ಲಿ ಎಳ್ಕೊಂಡು ಬಂದ ಮನೆಗೆ ಮರದ ನೆಲ ಬೇರೆ ಕೇಡಾ?" ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿ ನಾವು ಕೊಂಡಿದ್ದು ಹಳೆಯ ಡಬಲ್ ವೈಡ್. ಅಂದರೆ ಉಕ್ಕಿನ ಚೌಕಟ್ಟಿನ ಮೇಲೆ ಕಟ್ಟಿದ ಎರಡು ಅರ್ಧ ಮನೆಗಳನ್ನು ತಂದು, ಇಟ್ಟಿಗೆ ಕಂಬಗಳ ಮೇಲೆ ಕೂರಿಸಿ, ಮಧ್ಯದಲ್ಲಿ ಜೋಡಿಸಿದ್ದು. 1976ರ ಜೂನ್ 15ರ ನಂತರ ಕಟ್ಟಿದವನ್ನು ಕಾನೂನಿನ ಪ್ರಕಾರ ಮ್ಯಾನುಫ್ಯಾಕ್ಚರ್ಡ್ ಹೋಮ್ ಅನ್ನಬೇಕು. ಆದರೆ ಊರೆಲ್ಲ ಈಗಲೂ ಮೊಬೈಲ್ ಹೋಮ್ ಅಂತಲೇ ಕರೆಯುತ್ತದೆ.

ಅಪ್ಪನಿಗೆ ಇದ್ದ ಭಯ ಭಾರದ್ದು. ಮುಕ್ಕಾಲು ಇಂಚು ದಪ್ಪದ ಓಕ್ ಚದರ ಅಡಿಗೆ ಸುಮಾರು ಒಂದೂಕಾಲು ಕೆಜಿ ತೂಗುತ್ತದೆ, ನಮ್ಮ 300 ಚದರ ಅಡಿ ಹಾಲಿಗೆ ಹತ್ತಿರ ಹತ್ತಿರ 375 ಕೆಜಿ. ಕೇಳಿದರೆ ಜಾಸ್ತಿ ಅನ್ನಿಸುತ್ತದೆ, ಆದರೆ ಇಂಥ ಮನೆಯ ನೆಲ ಚದರ ಅಡಿಗೆ 40 ಪೌಂಡ್, ಅಂದರೆ ಸುಮಾರು 18 ಕೆಜಿ ಹೊರಬೇಕು ಅಂತ ಆ ಕಾನೂನಿನಲ್ಲೇ ಇದೆ. ತೊಂದರೆ ಭಾರದ್ದಲ್ಲ, ನೀರಿನದು.

ಹಲಗೆ ಕೊಂಡ ಅಂಗಡಿಯವನು ಮಾತ್ರ "ಕಾರ್ಪೆಟ್ ಕಿತ್ತು ಹೊಡೆಯೋದಷ್ಟೇ" ಅಂದಿದ್ದ. ಕಿತ್ತೆವು. ಬಚ್ಚಲ ಬಾಗಿಲ ಹತ್ತಿರ ಸ್ಕ್ರೂಡ್ರೈವರ್ ಊರಿದರೆ ಹಿಡಿಕೆವರೆಗೂ ಇಳಿದುಹೋಯಿತು. ಕೆಳಗಿದ್ದಿದ್ದು ಪಾರ್ಟಿಕಲ್ ಬೋರ್ಡ್. ಮರದ ಹೊಟ್ಟನ್ನು ಅಂಟಿನಲ್ಲಿ ಒತ್ತಿ ಮಾಡಿದ್ದು, ಒಮ್ಮೆ ನೀರು ಕುಡಿದರೆ ಚಹಾದಲ್ಲಿ ಅದ್ದಿದ ಬಿಸ್ಕತ್ತಿನ ಹಾಗೆ ಊದಿಕೊಳ್ಳುತ್ತದೆ. ಕೈಯಲ್ಲಿ ಹಿಡಿದರೆ ಹುರಿಟ್ಟಿನಂತೆ ಉದುರಿತು. ಒಣಗಿದ್ದ ಕಡೆಯೂ ಅದಕ್ಕೆ ಮೊಳೆ ಹಿಡಿಯುವ ಯೋಗ್ಯತೆ ಇಲ್ಲ, ಅದರ ಮೇಲೆ ಓಕ್ ಹೊಡೆದರೆ ಆರು ತಿಂಗಳಲ್ಲಿ ಕಿರುಗುಟ್ಟುವುದು ಗ್ಯಾರಂಟಿ.

ಹೊಸ ಪ್ಲೈವುಡ್ ಹಾಕೋಣ ಅಂದರೆ ಅಲ್ಲೂ ಒಂದು ತಮಾಷೆ. ಈ ಮನೆಗಳಲ್ಲಿ ಮೊದಲು ನೆಲ ಹಾಸಿ, ಆಮೇಲೆ ಅದರ ಮೇಲೆ ಗೋಡೆ ನಿಲ್ಲಿಸಿರುತ್ತಾರೆ. ಗೋಡೆ ಕೆಳಗಿನ ಬೋರ್ಡು ಕೀಳುವಂತಿಲ್ಲ. ಗೋಡೆ ಅಂಚಿಗೇ ಕೊಯ್ದು, ಅಲ್ಲಿ ನೆಲ ಹೊರುವ ಜಂತೆಗಳ ನಡುವೆ ಅಡ್ಡ ಮರ ಕೊಟ್ಟು, ಪ್ಲೈವುಡ್‌ಗೆ ಆಧಾರ ಮಾಡಬೇಕು. ಎರಡು ವಾರಾಂತ್ಯ ಇದಕ್ಕೇ ಹೋಯಿತು, ಮಂಡಿ ಇನ್ನೂ ನೋಯುತ್ತಿದೆ.

ಅದಕ್ಕೂ ಮೊದಲು ಮನೆ ಕೆಳಗೆ ತೆವಳಿದ್ದೆ. ಮನೆಯ ಹೊಟ್ಟೆಗೆ ಸುತ್ತಿದ್ದ ಕಪ್ಪು ಹಾಳೆ ಒಂದು ಕಡೆ ಹರಿದು, ಒಳಗೆ ಚಳಿ ತಡೆಯಲು ತುಂಬಿದ್ದ ಇನ್ಸುಲೇಷನ್ ಒದ್ದೆಯಾಗಿ ನೇತಾಡುತ್ತಿತ್ತು. ನೆಲದ ಮಣ್ಣಿನ ಮೇಲೆ 6 ಮಿಲ್ (ಇಂಚಿನ ಸಾವಿರದಲ್ಲಿ ಆರು ಭಾಗ) ದಪ್ಪದ ಪಾಲಿಥೀನ್ ಹಾಸಿ, ಹರಿದಿದ್ದನ್ನು ಮುಚ್ಚಿ, ಒಂದು ಕಡೆ ತಗ್ಗಿದ್ದ ಮನೆಯನ್ನು ಗೊತ್ತಿದ್ದವರನ್ನು ಕರೆಸಿ ಜ್ಯಾಕ್ ಕೊಟ್ಟು ರಸಮಟ್ಟಕ್ಕೆ ತಂದ ಮೇಲೇ ಮುಂದಿನ ಕೆಲಸ.

ಓಕ್ ಹಲಗೆ ಬಂದ ದಿನವೇ ಹೊಡೆಯುವ ಆಸೆ ಇತ್ತು. ತೇವದ ಮೀಟರ್ ಚುಚ್ಚಿದರೆ ಹಲಗೆ ಶೇ. 8, ಪ್ಲೈವುಡ್ ಶೇ. 13. ನಮ್ಮದು ಎರಡೂಕಾಲು ಇಂಚು ಅಗಲದ ಪಟ್ಟಿ, ಅದಕ್ಕೆ ಎರಡರ ತೇವದ ವ್ಯತ್ಯಾಸ ಶೇ. 4 ದಾಟಬಾರದು. ಎಸಿ ಹಾಕಿ ಕಾದೆವು. ಇದನ್ನು ಅಪ್ಪನಿಗೆ ವಿವರಿಸಬೇಕಾಗಲಿಲ್ಲ. ತೀರ್ಥಹಳ್ಳಿ ಮನೆಯ ದೇವರಕೋಣೆ ಬಾಗಿಲು ಆಷಾಢದಲ್ಲಿ ಹಿಡಿದುಕೊಂಡು, ದೀಪಾವಳಿ ಹೊತ್ತಿಗೆ ತಾನೇ ಸಡಿಲ ಆಗುತ್ತದಲ್ವಾ, ಅದೇ ಲೆಕ್ಕ. ಅದಕ್ಕೇ ಸುತ್ತ ಗೋಡೆ ಪಕ್ಕ ಮುಕ್ಕಾಲು ಇಂಚು ಸಂದು ಬಿಟ್ಟಿದ್ದೇವೆ, ಮೇಲೆ ಪಟ್ಟಿ ಬಂದರೆ ಕಾಣುವುದಿಲ್ಲ.

ಹೊಡೆಯುವುದು ಒಂದೇ ದಿನ. ಬಾಡಿಗೆಗೆ ತಂದ ನೈಲರ್ ಅನ್ನೋ ಮೊಳೆ ಹೊಡೆಯುವ ಯಂತ್ರ, ಜಂತೆಗೆ ಅಡ್ಡಲಾಗಿ ಹಲಗೆ, ಟಕ್ ಟಕ್ ಟಕ್. ಎರಡು ಅರ್ಧ ಸೇರುವ ಗೆರೆಯಲ್ಲಿ ಮಾತ್ರ ಕಾಲು ಇಂಚು ಏರುಪೇರು ಸಿಕ್ಕಿತು, ಎತ್ತರದ ಕಡೆ ಉಜ್ಜಿ, ತಗ್ಗಿನ ಕಡೆ ತೆಳು ಪಟ್ಟಿ ಕೊಟ್ಟು ಸರಿ ಮಾಡಿದೆವು. ಹಲಗೆಯ ಜೋಡಣೆ ಸರಿಯಾಗಿ ಆ ಗೆರೆ ಮೇಲೇ ಬೀಳದ ಹಾಗೆ ಮೊದಲೇ ಅಳತೆ ಹಾಕಿಕೊಂಡಿದ್ದೆವು.

ಅಡುಗೆಮನೆ, ಬಚ್ಚಲಿಗೆ ಓಕ್ ಹಾಕಲಿಲ್ಲ, ಅಲ್ಲಿ ವಿನೈಲ್ ಸಾಕು. ಚಳಿಗಾಲದಲ್ಲಿ ಹೀಟರ್ ಹಾಕಿದಾಗ ಹಲಗೆಗಳ ನಡುವೆ ಉಗುರಿನ ಅಂಚು ಹೋಗುವಷ್ಟು ಸಂದು ಬಂತು. ಫೋಟೋ ನೋಡಿದ ಅಪ್ಪ, "ಮುಟ್ಟಬೇಡ, ಮಳೆಗಾಲ ಬರಲಿ" ಅಂದರು. ಇಲ್ಲಿ ಮಳೆಗಾಲ ಅಂತ ಬೇರೆ ಇಲ್ಲ, ಜುಲೈ ಸೆಕೆಗೇ ಮುಚ್ಚಿಕೊಂಡಿತು.