ಹಾವು ಹಾವು ಜಗಳಾಡಂಗಿಲ್ಲೇನು ಅಂತ ಕೇಳೋರಿಗಿ

ಇಲ್ಲ, ಜಗಳಾಡಂಗಿಲ್ಲ. ಯಾಕಂದ್ರ ನಾ ಮನ್ಯಾಗ ಸಾಕಿದ ಹಾವು ಇವತ್ತಿನ ತನಕ ಒಂದಕ್ಕೊಂದು ಮಾರಿನೇ ನೋಡಿಲ್ಲ. ಇಷ್ಟೇ ಉತ್ತರ. ಬಸ್ಸಿಗಿ ಟೈಮ್ ಆಗ್ಯಾದ ಅನ್ನೋರು ಇಲ್ಲಿಂದೇ ಹೋಗ್ರಿ.

ಉಳಿದೋರಿಗಿ ಜರಾ ಬಿಡಿಸಿ ಹೇಳ್ತೀನಿ. ದಾಲ್ ಮಿಲ್ಲಿನಾಗ ಲೆಕ್ಕ ಬರಿಯೋ ಮುಂದ, ಮದಿವ್ಯಾಗ ಊಟಕ್ಕ ಕುಂತಾಗ, ಸೂಪರ್ ಮಾರ್ಕೆಟ್ಟಿನಾಗ ಪುಂಡಿಪಲ್ಲೆ ಆರಿಸೋ ಮುಂದ ಬಿ ಯಾರಾದ್ರೂ ಬಂದು ಇದೇ ಕೇಳ್ತಾರ. "ಒಂದೇ ಮನ್ಯಾಗ ಬ್ಯಾರೆ ಬ್ಯಾರೆ ಜಾತಿ ಹಾವು ಹ್ಯಾಂಗ ಇಟ್ಟೀರಿ?" ಮನಿ ಬಾಡಿಗಿ ಕೊಡೋ ಮುಂದ ನೀವು ಯಾವ ಪೈಕಿ ಅಂತ ಕೇಳೋ ಮಂದಿನೇ ಇದನ್ನೂ ಕೇಳೋದು, ಅದಕ್ಕ ನಗಬೇಕೋ ಅಳಬೇಕೋ ತಿಳಿಯಂಗಿಲ್ಲ.

ನನ್ನ ಹತ್ರ ಇರೋದು ಮೂರು. ಒಂದು ಬಾಲ್ ಪೈಥಾನ್, ಒಂದು ಕಾರ್ನ್ ಸ್ನೇಕ್, ಒಂದು ಕ್ಯಾಲಿಫೋರ್ನಿಯಾ ಕಿಂಗ್ ಸ್ನೇಕ್. ಮೂರಕ್ಕೂ ವಿಷ ಇಲ್ಲ, ಮೂರೂ ನಮ್ಮ ದೇಶದ್ದಲ್ಲ. ನಮ್ಮ ಕಡಿ ಹಾವು, ಕೇರೆಹಾವೇ ಇರ್ಲಿ ಎರಡು ತಲಿ ಹಾವೇ ಇರ್ಲಿ, ಮನ್ಯಾಗ ಇಟ್ಟರ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಆದ್ದರಿಂದ "ಎರಡು ತಲಿದು ಒಂದು ಕೊಡಸ್ರಿ, ಮನಿಗಿ ಲಕ್ಷ್ಮಿ ಬರ್ತಾಳ" ಅಂತ ಫೋನ್ ಮಾಡೋರು ದಯಮಾಡಿ ನನ್ನ ನಂಬರ್ ತೆಗದು ಹಾಕ್ರಿ. ಅದಕ್ಕ ಇರೋದು ಒಂದೇ ತಲಿ, ಬಾಲ ಮೊಂಡು ಇರೋದಕ್ಕ ಎರಡು ಅನಿಸ್ತದ. ಬಾಲ್ ಪೈಥಾನ್ ಆಫ್ರಿಕಾದ್ದು, ಸೈಟಿಸ್ ಅಂದ್ರ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಾಗ ಅದ, ಹಂಗಾಗಿ 2024ರ ನಿಯಮದ ಪ್ರಕಾರ ಕೇಂದ್ರ ಪರಿಸರ ಇಲಾಖೆದು ಪರಿವೇಶ್ ಪೋರ್ಟಲ್ಲಿನಾಗ ನೋಂದಣಿ ಮಾಡಸಬೇಕು. ಮಾಡ್ಸೀನಿ. ಕಾಗದ ತೋರಸು ಅಂದ್ರ ತೋರಸ್ತೀನಿ, ಆದ್ರ ನೀವು ಅರಣ್ಯ ಇಲಾಖೆಯೋರು ಇದ್ರ ಅಷ್ಟೇ, ಪಕ್ಕದ ಗಲ್ಲಿಯೋರು ಇದ್ರ ಅಲ್ಲ.

ಕಿಂಗ್ ಸ್ನೇಕ್ ಅಂದಿದ್ದೇ ತಪ್ಪಾಗ್ಯಾದ. "ಮನ್ಯಾಗ ಕಾಳಿಂಗ ಇಟ್ಟಾಳಂತ" ಅಂತ ಸುದ್ದಿ ಸೇಡಂ ತನಕ ಹೋಗ್ಯಾದ. ಕಾಳಿಂಗ ಇರೋದು ಮಲೆನಾಡಿನ ಮಳಿ ಕಾಡಿನಾಗ, ಈ ಕಲಬುರ್ಗಿ ಬಿಸಲಿಗಿ ಅದು ಬಂದ್ರ ಮರುದಿನಾನೇ ವಾಪಸ್ ಬಸ್ ಹತ್ತತದ. ನನ್ನದು ಅಮೆರಿಕಾದ್ದು, ಮೂರೂವರಿ ಅಡಿ, ಕಪ್ಪು ಬಿಳಿ ಪಟ್ಟಿ. ಎರಡಕ್ಕೂ ಒಂದೇ ಒಂದು ಚಟ ಸೇಮ್ ಅದ, ಹಾವು ತಿಂತಾವು. ನನ್ನ ಕಿಂಗ್‌ದು ಜಾತಿ ರ‍್ಯಾಟಲ್ ಸ್ನೇಕನ್ನ ಬಿ ಸುತ್ತಿ ಹಿಚುಕಿ ನುಂಗತದ, ಅದರ ವಿಷ ಇದಕ್ಕ ಅಷ್ಟಾಗಿ ತಟ್ಟಂಗಿಲ್ಲ. ಈಗ ಹೇಳ್ರಿ, ಇದನ್ನ ಕಾರ್ನ್ ಸ್ನೇಕ್ ಜೋಡಿ ಒಂದೇ ಡಬ್ಬ್ಯಾಗ ಹಾಕಿದ್ರ ಅದಕ್ಕ ಜಗಳ ಅಂತಾರೋ ಊಟ ಅಂತಾರೋ? ಕಾರ್ನ್ ಮುಟ್ಟಿದ ಕೈ ತೊಳಿಲಾರದೆ ಕಿಂಗ್ ಡಬ್ಬಿ ತೆಗದ್ರ ನನ್ನ ಬೆರಳೇ ಕಾರ್ನ್ ಅಂತ ತಿಳಕೊಂಡು ಬಾಯಿ ಹಾಕ್ತದ. ಒಂದು ಸಲ ಹಾಕೇದ. ಸೋಪು ಹಚ್ಚಿದ ಮ್ಯಾಲೇ, ಆ ವಾಸನಿಗಿ ಬಿಡ್ತು.

ಪಂಚಮಿದು ಹೇಳ್ಲೇಬೇಕು. ಮೂರು ವರ್ಷದ ಹಿಂದ ಎದುರು ಮನಿ ಕಾಕು ತಲಿ ಮ್ಯಾಲ ಸೆರಗು ಹೊದ್ದು, ತಟ್ಟ್ಯಾಗ ಅಳ್ಳು, ಉಂಡಿ, ಹಾಲಿನ ಗಿಂಡಿ ಹಿಡಕೊಂಡು ಬೆಳಿಗ್ಗಿ ಏಳಕ್ಕೇ ಬಾಗಲಾಗ ನಿಂತಾರ, ಹಿಂದ ಮತ್ತ ನಾಕು ಮಂದಿ ಹೆಣ್ಮಕ್ಕಳು. ಹುತ್ತಿಗಿ ಹೋಗಬೇಕಂದ್ರ ರಿಂಗ್ ರೋಡ್ ದಾಟಬೇಕಂತ, ಖರೇ ನಾಗಪ್ಪ ಗಲ್ಲಿಯಾಗೇ ಇರೋ ಮುಂದ ಅಷ್ಟು ದೂರ ಯಾಕಂತ. ಹಾವು ಹಾಲು ಕುಡಿಯಂಗಿಲ್ಲ ಕಾಕು, ಬಾಯಾರಿ ಬಿಟ್ಟರ ನೀರಂತ ತಿಳದು ಕುಡೀಬಹುದು, ಅದು ಅದಕ್ಕ ಪಚನ ಆಗಂಗಿಲ್ಲ ಅಂದೆ. ನೀ ಕಲ್ತೋಳು, ನಿನಗೇನು ಗೊತ್ತು ಅಂದ್ರು. ಒಳಗ ಬಂದು ರ‍್ಯಾಕ್ ನೋಡಿ, ಮೂರು ಡಬ್ಬಿ ಮ್ಯಾಲ ಕೆಳಗ ಇರೋದು ನೋಡಿ ಏನಂದ್ರು ಗೊತ್ತದೇನು: "ಮೂರೂ ಒಂದರಾಗೇ ಹಾಕವ್ವ, ಪೂಜಾ ಒಂದೇ ಸಲಕ್ಕ ಮುಗೀತದ, ಅವಕ್ಕೂ ಜೋಡಿ ಆಗ್ತದ, ಪಾಪ." ನಾನು ನಗಲಿಲ್ಲ, ನಮ್ಮ ಅತ್ತಿ ನಕ್ಕರು. ಕಡೀಕ ಡಬ್ಬಿ ಹೊರಗಿಂದೇ ಅರಶಿಣ ಕುಂಕುಮ ಹಚ್ಚಿ ಹೋದ್ರು, ಹಾಲು ನಮ್ಮ ಚಾಕ್ಕ ಬಂತು. ಆಗ ಇದ್ದ ಪೈಥಾನಿನ ಹೆಸರೇ ಉಂಡಿ, ಹೆದರಿದ್ರ ತಲಿ ಒಳಗ ಹಾಕಿ ಉಂಡಿ ಹಂಗ ಸುತ್ಕೋತಿತ್ತು ಅದಕ್ಕ. ಕಾಕು ಅವತ್ತು ಉಂಡಿಗಿ ಉಂಡಿ ತೋರಿಸಿ ಹೋದ್ರು.

ಈ ಜೋಡಿ ಅನ್ನೋದು ಒಂದು ಹುಚ್ಚು. ಹಾವಿಗೆ ಬ್ಯಾಸರ ಆಗ್ತದ, ಒಂಟಿ ಅನಿಸ್ತದ ಅಂತ ಯಾರು ಹೇಳ್ಯಾರ ನಿಮಗ? ಅದಕ್ಕ ಬೇಕಾಗಿರೋದು ಅಡಗಲಾಕ ಒಂದು ಜಾಗ, ಒಂದು ಕಡಿ ಬೆಚ್ಚಗ ಒಂದು ಕಡಿ ತಂಪು, ನೀರು, ವಾರಕ್ಕೋ ಹದಿನೈದು ದಿನಕ್ಕೋ ಒಂದು ಇಲಿ. (ದಾಲ್ ಮಿಲ್ಲಿನ ಇಲಿ ಹಾಕ್ತಿಯೇನು ಅಂತ ಕೇಳಬ್ಯಾಡ್ರಿ, ಆ ಇಲಿ ಹೊಟ್ಟ್ಯಾಗ ಇಲಿಪಾಷಾಣ ಇರ್ತದ. ನಾ ಹಾಕೋ ಇಲಿ ಬ್ಯಾರೆ ಸಣ್ಣ ಫ್ರಿಜ್ಜಿನಾಗ ಇರ್ತಾವು, ಅಡಗಿ ಫ್ರಿಜ್ಜಿನಾಗ ಅಲ್ಲ, ನಮ್ಮ ಅತ್ತಿ ಈ ಒಂದು ಮಾತಿಗೆ ಇನ್ನೂ ದಿನಾ ಬಂದು ತಪಾಸ ಮಾಡ್ತಾರ.) ಮತ್ತ ಈ ಬೆಚ್ಚಗ ತಂಪು ಎಲ್ಲದಕ್ಕೂ ಒಂದೇ ಅಲ್ಲ. ಪೈಥಾನಿಗೆ ಬೆಚ್ಚನ ಕಡಿ 31-32 ಡಿಗ್ರಿ ಬೇಕು, ಗಾಳ್ಯಾಗ ಪಸಿ ಬಿ ಬೇಕು, ಇಲ್ಲಂದ್ರ ಪೊರಿ ತುಂಡು ತುಂಡಾಗಿ ಮೈಗೇ ಅಂಟಿ ಕೂಡತದ. ಕಾರ್ನಿಗೆ ಅಷ್ಟು ಪಸಿ ಬೇಕಾಗಿಲ್ಲ, ಸದಾ ಹಸಿ ಇದ್ರ ಚರ್ಮ ಕೆಡ್ತದ. ಜಗಳ ಇಲ್ಲದಿದ್ರೂ ಒಂದೇ ಡಬ್ಬ್ಯಾಗ ಎರಡನ್ನೂ ಖುಷಿ ಇಡ್ಲಾಕ ಆಗಂಗಿಲ್ಲ.

ಯಾರೂ ಕೇಳದೇ ಇರೋದು ಒಂದದ. ಹೊಸ ಹಾವು ತಂದ್ರ ಎಲ್ಲಿ ಇಡ್ತೀರಿ?

ನಿಯಮ ಹಾವು ಸಾಕೋರಿಗೆಲ್ಲ ಗೊತ್ತಿರೋದೇ. ಹೊಸದು ಬಂದ್ರ, ರೋಗ ಹೊತ್ತು ತಂದಿರಬಹುದು ಅಂತ, 90 ದಿನ ಬ್ಯಾರೆ ಖೋಲಿ, ಬ್ಯಾರೆ ಚಿಮಟ, ಬ್ಯಾರೆ ನೀರಿನ ಬಟ್ಟಲ, ಅದರ ಕೆಲಸ ಎಲ್ಲಕ್ಕಿಂತ ಕಡೀಕ, ಆಮ್ಯಾಲ ಕೈ ತೊಳದು ಬಟ್ಟಿ ಬದಲಿ ಮಾಡೋದು. ಪುಸ್ತಕದಾಗ ಬ್ಯಾರೆ ಖೋಲಿ ಅಂತ ಬರಿಯೋರು ಕಲಬುರ್ಗಿಯಾಗ ಮೇ ತಿಂಗಳು ಕಳದಿಲ್ಲ. 43 ಡಿಗ್ರಿ. ಶಹಾಬಾದ್ ಫರಸಿ ಮ್ಯಾಲ ನೀರು ಹೊಯ್ದು ಮಲಗೋ ಮಂದಿ ನಾವು. ಮನ್ಯಾಗ ಏಸಿ ಇರೋದು ಒಂದೇ ಖೋಲಿಗಿ, ಮೂರು ಹಾವೂ ಅಲ್ಲೇ, ರಾತ್ರಿ ನಾವೂ ಅಲ್ಲೇ. ಚಳಿ ದೇಶದೋರು ಹಾವಿಗೆ ಶಾಖ ಹ್ಯಾಂಗ ಕೊಡೋದಂತ ಚಿಂತಿ ಮಾಡ್ತಾರ, ನನ್ನ ಹೀಟ್ ಮ್ಯಾಟ್ ಯುಗಾದಿಗಿ ಮಡಚಿ ಇಟ್ಟರ ದಸರಾ ಆದ ಮ್ಯಾಲೇ ಬಿಚ್ಚೋದು.

2024ರ ಮೇದಾಗ ಹೈದರಾಬಾದಿನ ಒಬ್ಬ ಹುಡುಗ ಓದ್ಲಾಕ ಹೊರದೇಶಕ್ಕ ಹೊಂಟಿದ್ದ, ಅವನ ಬಾಲ್ ಪೈಥಾನ್ ನಾನು ತೊಗೊಂಡೆ. ಕಾಗದ ಎಲ್ಲಾ ಸರಿ ಮಾಡ್ಕೊಂಡೇ ತಂದೆ. ರಾತ್ರಿ ಕಾರಿನಾಗ, ಬಟ್ಟಿ ಚೀಲದಾಗ, ಬಿಸಲು ಬೀಳೋದ್ರಾಗ ಮನಿ ಮುಟ್ಟಿದ್ವಿ. ಹಿಂದಿನ ಖೋಲ್ಯಾಗ ಇಟ್ಟೆ, ಕೂಲರ್ ಹಚ್ಚಿದೆ, ಬಾಟಲಿನಾಗ ನೀರು ಬರ್ಫ ಮಾಡಿ ಟವೆಲಿನಾಗ ಸುತ್ತಿ ಡಬ್ಬಿ ಪಕ್ಕ ಇಟ್ಟೆ. 19 ದಿನ ಹಂಗೇ ನಡೀತು. 20ನೇ ದಿನ ಮಧ್ಯಾಹ್ನ ಕರೆಂಟ್ ಹೋಯ್ತು, ಮಿಲ್ಲಿನಿಂದ ಬಂದು ನೋಡಿದ್ರ ಡಬ್ಬಿ ಒಳಗ 38. ಅದು ಬಾಯಿ ಮ್ಯಾಲ ಮಾಡಿ ಗೋಡಿಗಿ ಒತ್ಕೊಂಡು ನಿಂತಿತ್ತು. ಎತ್ಕೊಂಡು ಏಸಿ ಖೋಲಿಗಿ ಓಡಿದೆ, ರ‍್ಯಾಕಿನ ಎಲ್ಲಕ್ಕಿಂತ ಕೆಳಗಿನ ಅಂಕಣದಾಗ ಇಟ್ಟೆ. ಬರೀ ನಾಕು ದಿನ, ಮಳಿ ಬಂದ್ರ ವಾಪಸ್ ಅಂತ.

ಮಳಿ ಬಂತು. ಅದರ ಹಿಂದೇ ಉಂಡಿ ನೀರಿನ ಬಟ್ಟಲದಾಗ ಕಪ್ಪು ಸಾಸವಿ ಕಾಳಿಗಿಂತ ಸಣ್ಣ ಚುಕ್ಕಿ ಕಂಡವು. ಉಣ್ಣಿ. ಹಾವಿನ ಉಣ್ಣಿ ಡಬ್ಬಿಯಿಂದ ಡಬ್ಬಿಗಿ ನಡಕೊಂಡು ಹೋಗ್ತಾವು, ರೋಗ ಬಿ ಹೊತ್ತು ಒಯ್ತಾವು. ಆಮ್ಯಾಲ ಉಂಡಿ ಉಸರು ಬಿಡೋ ಮುಂದ ಸೀಟಿ ಹೊಡದಂಗ ಸಪ್ಪಳ, ಬಾಯಿ ಅಂಚಿಗಿ ಬುರುಗು. ಹೈದರಾಬಾದಿನ ಡಾಕ್ಟರ್ ವಿಡಿಯೋ ಕಾಲಿನಾಗ ನೋಡಿ ಇಂಜೆಕ್ಷನ್ ಹೇಳಿದ್ರು, ವೈರಸ್ ಇದ್ರ ಇದು ಕೆಲಸ ಮಾಡಂಗಿಲ್ಲ ಅಂತ ಬಿ ಹೇಳಿದ್ರು. 22 ದಿನ ಚುಚ್ಚಿದೆ. ಕಡೀ ವಾರ ಅದು ಉಂಡಿ ಆಗ್ಲೇ ಇಲ್ಲ, ಉದ್ದಕ್ಕೇ ಬಿದ್ದಿರ್ತಿತ್ತು, ಮುಟ್ಟಿದ್ರೂ ಸುತ್ಕೊಳ್ಳಿಲ್ಲ. ನಮ್ಮ ಅತ್ತಿ ಬೇವಿನ ಗಿಡದ ಬುಡಕ ತೆಗ್ಗು ತೋಡಿಸಿ, ನನಗ ಕೇಳಲಾರದೆ, ಬಿಳಿ ಬಟ್ಟ್ಯಾಗ ಕಟ್ಟಿ, ಒಂದು ರೂಪಾಯಿ ಇಟ್ಟು ಮಣ್ಣು ಮಾಡಿದ್ರು. ಎದುರು ಮನಿ ಕಾಕು ಬಂದು ಸರ್ಪದೋಷ ಅಂದ್ರು. ದೋಷ ಇತ್ತು, ಖರೇ. ಅದು ಸರ್ಪಂದಲ್ಲ ಅಂತ ಅವರಿಗಿ ಹೇಳ್ಲಾಕ ಅವತ್ತು ನನಗ ದನಿ ಬರಲಿಲ್ಲ.

ಈಗ ಫೆಬ್ರುವರಿಯಿಂದ ಜೂನ್ ತನಕ ಯಾರು ಪುಕ್ಕಟೆ ಕೊಟ್ರೂ ಹೊಸ ಹಾವು ತರಂಗಿಲ್ಲ.

ಹೈದರಾಬಾದಿಂದ ತಂದ ಆ ಪೈಥಾನ್ ಇನ್ನೂ ಅದ. ಅದಕ್ಕೇನೂ ಆಗಲಿಲ್ಲ, ಒಂದು ದಿನ ಊಟ ಬಿಟ್ಟಿಲ್ಲ, ಮೈ ಮಿರಿಮಿರಿ ಮಿಂಚತದ. ಬಂದೋರೆಲ್ಲ ಅದನ್ನೇ ಮೊದಲ ತೋರಸ್ರಿ, ಕೈಯಾಗ ಕೊಡ್ರಿ, ಫೋಟೋ ತೆಗೀತೀವಿ ಅಂತಾರ. ಕೊಡಂಗಿಲ್ಲ. ಮೊದಲ ಕಾರ್ನ್, ಕೈ ತೊಳದು ಕಿಂಗ್, ಮತ್ತ ಕೈ ತೊಳದು ಅದು. ಅದರ ಪಾಳಿ ಇವತ್ತಿಗೂ ಕಡೀಕೇ.