ಜೂನ್ 5ಕ್ಕೆ ಗುಂಡಿ, ಮಳೆ ಬಿದ್ದ ಮೇಲೆ ಸಸಿ

ನರ್ಸರಿಯಲ್ಲಿ ಮೇಲ್ವಿಚಾರಕನಾಗಿ ಸೇರಿದ ಮೊದಲ ವರ್ಷ. ಮೇ ಕೊನೆಯ ವಾರದಿಂದ ಫೋನಿಗೆ ಬಿಡುವೇ ಇರಲಿಲ್ಲ. ಶಾಲೆ, ಬ್ಯಾಂಕು, ಸಂಘ, ಎಲ್ಲರದ್ದೂ ಒಂದೇ ಮಾತು: "ಪರಿಸರ ದಿನ, ಜೂನ್ 5ಕ್ಕೆ ಸಸಿ ಬೇಕು."

ಚಳ್ಳಕೆರೆ ಕಡೆಯ ಒಂದು ಶಾಲೆಗೆ 150 ಹೊಂಗೆ, ಬೇವು, ನೇರಳೆ ಹೇರಿಕೊಂಡು ನಾನೇ ಹೋಗಿದ್ದೆ. ಶಾಮಿಯಾನ, ಹಾರ, ಭಾಷಣ ಮುಗಿಯುವಷ್ಟರಲ್ಲಿ ಮಧ್ಯಾಹ್ನ ಹನ್ನೆರಡು. ಕಲ್ಲಿನಂಥ ನೆಲದಲ್ಲಿ ಅರ್ಧ ಅಡಿ ಗುಂಡಿ. ಅತಿಥಿಯೊಬ್ಬರು ಸಸಿಯನ್ನು ಪ್ಲಾಸ್ಟಿಕ್ ಚೀಲದ ಸಮೇತ ಇಳಿಸಿ ಕ್ಯಾಮೆರಾ ಕಡೆ ನಕ್ಕರು. ನಾನು ಬಾಯಿ ಬಿಡಲಿಲ್ಲ. ಹೊಸ ಕೆಲಸ, ದೊಡ್ಡ ಮನುಷ್ಯರು.

ಆಗಸ್ಟ್‌ನಲ್ಲಿ ಹೋಗಿ ಎಣಿಸಿದರೆ ಹಸಿರಾಗಿದ್ದವು 11. ಅವೂ ಮಕ್ಕಳು ಕೈ ತೊಳೆಯುವ ನಲ್ಲಿಯ ಪಕ್ಕದವು. ಒಣಗಿದ ಕೆಲವನ್ನು ಕಿತ್ತಾಗ ಬೇರು ಚೀಲದೊಳಗೇ ಸುತ್ತಿಕೊಂಡು ಸತ್ತಿತ್ತು. ನಮ್ಮಲ್ಲಿ ಚೀಲಕ್ಕೆ ಮಣ್ಣು ತುಂಬುವ ಅಜ್ಜಿಗೆ ಹೇಳಿದೆ. "ರೋಹಿಣಿ ಮಳೇನ ನಂಬ್ಕೊಂಡು ಯಾರಾದ್ರೂ ಗಿಡ ಇಡ್ತಾರಾ ಸಾಮಿ? ನೀರು ಹುಯ್ಯೋರು ಯಾರು?" ಅಂದು ಮತ್ತೆ ಮಣ್ಣು ತುಂಬತೊಡಗಿದರು.

ಆಮೇಲೆ ಯೋಚಿಸಿದೆ, ಈ ತಾರೀಖು ಬಂದದ್ದಾದರೂ ಎಲ್ಲಿಂದ? ಮಳೆಯ ಲೆಕ್ಕದಿಂದಲ್ಲ. 1972ರ ಜೂನ್ 5ರಂದು ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ವಿಶ್ವಸಂಸ್ಥೆಯ ಪರಿಸರ ಸಮ್ಮೇಳನ ಶುರುವಾಯಿತು. ಇಂದಿರಾ ಗಾಂಧಿಯವರು ಅಲ್ಲಿ ಬಡತನವನ್ನೂ ಪರಿಸರವನ್ನೂ ಸೇರಿಸಿ ಮಾತಾಡಿದ್ದರು. ಅದೇ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಆ ಆರಂಭದ ದಿನವನ್ನೇ ವಿಶ್ವ ಪರಿಸರ ದಿನವೆಂದು ಗೊತ್ತುಮಾಡಿತು. ಸಸಿ ನೆಡಲೇಬೇಕೆಂಬ ಕಟ್ಟಳೆ ಅದರಲ್ಲಿಲ್ಲ. 2018ರಲ್ಲಿ ಭಾರತವೇ ಆತಿಥೇಯ ದೇಶವಾಗಿದ್ದಾಗ ವಿಷಯ ಪ್ಲಾಸ್ಟಿಕ್ ಮಾಲಿನ್ಯ. ನಾವು ಪ್ಲಾಸ್ಟಿಕ್ಕನ್ನೇ ಹೂತು ಬಂದಿದ್ದೆವು!

ನೆಡುವುದಕ್ಕೆಂದೇ ನಮಗೆ ಇನ್ನೊಂದು ಹಬ್ಬವಿದೆ. ಕೇಂದ್ರದ ಆಹಾರ ಮತ್ತು ಕೃಷಿ ಸಚಿವರಾಗಿದ್ದ ಕೆ. ಎಂ. ಮುನ್ಶಿ 1950ರಲ್ಲಿ ಶುರುಮಾಡಿದ ವನಮಹೋತ್ಸವ, ಜುಲೈ ಮೊದಲ ವಾರ. ಅಷ್ಟರಲ್ಲಿ ಮಲೆನಾಡಿನಲ್ಲಿ ಮಳೆ ಹಿಡಿದಿರುತ್ತದೆ. ನಮ್ಮ ಬಯಲುಸೀಮೆಗೆ ಅದೂ ಕೆಲವು ವರ್ಷ ಬೇಗವೇ. ಆ ಹೊತ್ತಿನ ಆರಿದ್ರಾ ಮಳೆಯನ್ನು ನೆಚ್ಚುವಂತಿಲ್ಲ, "ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ" ಅಂತ ಗಾದೆ. ಚಿತ್ರದುರ್ಗದ ಕಡೆ ನೆಲ ಚೆನ್ನಾಗಿ ನೆನೆಯುವುದು ಹೆಚ್ಚಾಗಿ ಸೆಪ್ಟೆಂಬರ್, ಅಕ್ಟೋಬರ್‌ನ ಮಳೆಗೆ.

ಮುಂದಿನ ವರ್ಷದಿಂದ ಜೂನ್ 5ಕ್ಕೆ ಕರೆದವರಿಗೆ, "ಕಾರ್ಯಕ್ರಮ ಮಾಡಿ, ಆದರೆ ಗುಂಡಿ ತೋಡಿಸಿ" ಎನ್ನತೊಡಗಿದೆ. ಉದ್ದ, ಅಗಲ, ಆಳ ಒಂದೂವರೆ ಅಡಿ. ಬಿಸಿಲಿಗೆ ಬಿಟ್ಟರೆ ಮಣ್ಣಿನ ಹುಳವೂ ಸಾಯುತ್ತದೆ. ಸಸಿ ಕೊಡುವುದು ಹದ ಮಳೆ ಬಿದ್ದ ಮೇಲೆ, ಅದೂ ನೀರು ಹಾಕುವವರು ಯಾರೆಂದು ಹೆಸರು ಬರೆಸಿಕೊಂಡು. ಕೆಲವರು ಮುನಿಸಿಕೊಂಡು ಬೇರೆ ನರ್ಸರಿಗೆ ಹೋದರು. ಬರಿ ಗುಂಡಿಯ ಫೋಟೊ ಪೇಪರಿಗೆ ಕೊಡುವುದು ಹೇಗೆ ಅನ್ನುವುದು ಅವರ ಕಷ್ಟ, ಅದೂ ಸುಳ್ಳಲ್ಲ. ಮೊದಲ ವರ್ಷದ ಆ ಶಾಲೆಯ ಹೆಡ್ ಮೇಷ್ಟ್ರು ಮಾತ್ರ ಒಪ್ಪಿದರು. 60 ಗುಂಡಿ ತೆಗೆಸಿ, ಮಕ್ಕಳ ಕೈಗೆ ಗುದ್ದಲಿ ಕೊಟ್ಟು ಫೋಟೊ ತೆಗೆಸಿದರು.

ಇನ್ನೊಂದು ನಿಯಮವನ್ನೂ ಸೇರಿಸಿದ್ದೇವೆ: ಎಷ್ಟು ಸಸಿ ಹೋಯಿತೋ ಅಷ್ಟು ಖಾಲಿ ಚೀಲ ನರ್ಸರಿಗೆ ವಾಪಸ್ ಬರಬೇಕು. ಆ ಶಾಲೆಯಿಂದ 58 ಬಂದವು. ಮಾರನೇ ದಿನ ಮಕ್ಕಳ ಜೊತೆ ಹೋಗಿ ಉಳಿದ ಎರಡನ್ನು ಮಣ್ಣು ಬಗೆದು ತೆಗೆದೆವು.